ಶೀನನ ಮಿಡಿ ಸ್ಪ್ಯಾಮಿಗೆ ಬಿದ್ದದ್ದು

ಗಾಂಧಿಬಜಾರಿನ ಹತ್ತಿರದ ಗಲ್ಲಿಯಲ್ಲಿ ನಮ್ಮ ಮಾಮೂಲಿ ಕ್ಯಾಂಟೀನು. ಹೊರಗೆ ಜುಲೈ ಮಳೆ. ಒಳಗೆ ನಾವು ನಾಲ್ಕು ಜನ, ಎರಡು ಪ್ಲೇಟ್ ಮೆಣಸಿನಕಾಯಿ ಬಜ್ಜಿ. ಸಾಗರದ ಕಡೆಯಿಂದ ಅಪ್ಪೆಮಿಡಿ ತಂದು ಉಪ್ಪಿನಕಾಯಿ ಹಾಕಿ ಮಾರುವ ಶೀನ ಅವತ್ತು ಬಜ್ಜಿ ಮುಟ್ಟಲಿಲ್ಲ. ಅಂದಮೇಲೆ ವಿಷಯ ದೊಡ್ಡದೇ.

"ಮೂರು ವರ್ಷದಿಂದ ಗಿರಾಕಿಗಳಿಗೆ ಇಮೇಲ್ ಹಾಕ್ತಿದ್ದೀನಿ. ಹಾಕಿದ ಸಂಜೆಗೇ ಆರ್ಡರ್ ಬರ್ತಿತ್ತು. ಈ ಸಲ ಒಂದು ನರಪಿಳ್ಳೆ ಉತ್ತರ ಕೊಟ್ಟಿಲ್ಲ ಮಾರಾಯ. ಮೇಲ್ ತಲುಪಿದೆ ಅಂತ ಕಂಪ್ಯೂಟರ್ ಹೇಳುತ್ತೆ. ಮಿಡಿ ಅದೇ, ಮಸಾಲೆ ಅದೇ!"

ನಾನು ಸುಮ್ನೆ ಫೋನು ತೆಗೆದು ಸ್ಪ್ಯಾಮ್ ಡಬ್ಬಿ ಇಣುಕಿದೆ. ಲಾಟರಿ ಗೆದ್ದಿದ್ದೀರಿ ಅನ್ನುವವನಿಗೂ ಕೂದಲು ಬೆಳೆಸುವ ಎಣ್ಣೆಯವನಿಗೂ ನಡುವೆ ಶೀನ ಕೂತಿದ್ದ. ಒಂದಲ್ಲ, ನಾಲ್ಕು ಸಲ.

"ತಲುಪಿದೆ ಅಂದರೆ ಆ ಕಡೆಯ ಸರ್ವರ್ ಕೈಗೆ ತಗೊಂಡಿದೆ ಅಂತ ಅಷ್ಟೇ. ಇನ್‌ಬಾಕ್ಸಿಗೆ ಹಾಕಿದೆ ಅಂತಲ್ಲ" ಅಂದ ಭಾವ. ಭಾವ ಬೆಂಗಳೂರಿನ ಕೆಲಸವನ್ನು ತೀರ್ಥಹಳ್ಳಿ ಹತ್ತಿರದ ಮನೆಯಿಂದ ಮಾಡುತ್ತಾನೆ, ಕರೆಂಟು ಇದ್ದಾಗ.

ರಿಟೈರಾದ ಪೋಸ್ಟ್‌ಮ್ಯಾನ್ ರಾಯರಿಗೆ ಥಟ್ಟನೆ ಅರ್ಥವಾಯಿತು. "ಜಗಲಿಯಲ್ಲಿ ಕೂತ ಹುಡುಗನ ಕೈಗೆ ಕಾಗದ ಕೊಟ್ಟರೆ ನಮ್ಮ ಲೆಕ್ಕದಲ್ಲಿ ಬಟವಾಡೆ ಆಯ್ತು. ಅವನು ದೋಣಿ ಮಾಡಿ ನೀರಿಗೆ ಬಿಟ್ಟರೆ ನಾವೇನು ಮಾಡೋಣ?"

"ಈ ವರ್ಷ ಏನು ಬದಲಾಯಿಸಿದೆ?" ಭಾವ ಕೇಳಿದ.

"ಏನೂ ಇಲ್ಲ."

ಶೀನ 'ಏನೂ ಇಲ್ಲ' ಅಂದರೆ ಎರಡು ಕಾಫಿ ಮುಗಿಯುವಷ್ಟು ಇದೆ ಅಂತ ಅರ್ಥ. ಮೊದಲ ಕಾಫಿಗೆ ಹೊರಬಿತ್ತು: ಅವನ ತಮ್ಮನ ಮಗ ಎಲ್ಲಿಂದಲೋ ಹತ್ತು ವರ್ಷ ಹಳೆಯ ವಿಳಾಸಗಳ ಪಟ್ಟಿ ತಂದಿದ್ದಾನೆ. ಮುನ್ನೂರು ಜನಕ್ಕೆ ಹೋಗುತ್ತಿದ್ದ ಮೇಲ್ ಒಂದೇ ಬೆಳಿಗ್ಗೆ ಎಂಟು ಸಾವಿರ ಜನಕ್ಕೆ ಹೋಗಿದೆ.

"ಪ್ರತಿ ವರ್ಷ ಎರಡು ಚೀಲ ತರುತ್ತಿದ್ದವನು ಒಂದು ದಿನ ಲಾರಿ ತುಂಬ ಅಡಿಕೆ ತಂದು ಮಂಡಿ ಮುಂದೆ ನಿಲ್ಲಿಸಿದರೆ ಏನಂತಾರೆ?" ಭಾವ ಕೇಳಿದ.

"ಯಾರ ತೋಟದಲ್ಲಿ ಕದ್ದೆ ಅಂತಾರೆ" ಅಂದರು ರಾಯರು.

"ಜಿಮೇಲೂ ಅದನ್ನೇ ಅನ್ನೋದು. ಅದರಲ್ಲೂ ಒಂದು ದಿನಕ್ಕೆ 5,000 ಜಿಮೇಲ್ ವಿಳಾಸ ದಾಟಿದರೆ ನೀನು ಸಗಟು ಕಳಿಸುವವನು. ಫೆಬ್ರುವರಿ 2024ರಿಂದ ಅಂಥವರಿಗೆ ಬೇರೆಯೇ ಕಟ್ಟುಪಾಡು."

"ಒಂದೇ ದಿನ ಕಳಿಸಿದ್ದು ಮಾರಾಯ!"

"ಒಂದೇ ದಿನ ತಾಳಿ ಕಟ್ಟಿದ್ದು ಅಂತ ಮರುದಿನ ಬ್ರಹ್ಮಚಾರಿ ಆಗೋಕಾಗುತ್ತಾ? ಒಮ್ಮೆ ದಾಟಿದರೆ ಶಾಶ್ವತವಾಗಿ ಆ ಪಟ್ಟಿಯಲ್ಲೇ."

ಹಳೆಯ ವಿಳಾಸದ ಕತೆ ಇನ್ನೂ ಮಜವಾಗಿದೆ. ಯಾರೂ ಬಳಸದೆ ಬಿಟ್ಟ ವಿಳಾಸಕ್ಕೆ ಬರೆದರೆ ಮೊದಲು ಮೇಲ್ ವಾಪಸ್ ಬರುತ್ತೆ. ಆಮೇಲೆ ಸ್ಪ್ಯಾಮ್ ಹಿಡಿಯುವವರು ಅಂಥ ಕೆಲವು ವಿಳಾಸಗಳಿಗೇ ಜೀವ ಕೊಟ್ಟು ಬಲೆ ಮಾಡಿ ಇಡುತ್ತಾರೆ. ಅಲ್ಲಿಗೆ ಬರೆಯುವವನು ತನ್ನ ಪಟ್ಟಿಯನ್ನು ಸ್ವಚ್ಛವಾಗಿ ಇಟ್ಟುಕೊಂಡಿಲ್ಲ ಅಂತ ಖಾತ್ರಿ. ರಾಯರು ಬಜ್ಜಿ ಕೆಳಗಿಟ್ಟರು. "ಅಲ್ಲೋ ಶೀನ, ಸತ್ತವರ ಹೆಸರಿಗೆ ಮದುವೆ ಕಾಗದ ಹಂಚಿದೆಯೇನೋ?"

ಎರಡನೇ ಕಾಫಿ. ದುಡ್ಡು ಉಳಿಯುತ್ತೆ ಅಂತ ಮೇಲ್ ಕಳಿಸುವ ಕಂಪನಿಯನ್ನೇ ಬದಲಿಸಿದ್ದ. ಅಲ್ಲಿ ಒಂದೇ ಐಪಿಯಿಂದ, ಅಂದರೆ ಇಂಟರ್ನೆಟ್ಟಿನ ಒಂದೇ ವಿಳಾಸದಿಂದ, ನೂರಾರು ಜನ ಕಳಿಸುತ್ತಾರಂತೆ. ವಠಾರದಲ್ಲಿ ಪಕ್ಕದ ಮನೆಯವನು ಸಾಲ ಮಾಡಿದರೆ ದಿನಸಿ ಅಂಗಡಿಯವನು ನಮ್ಮನ್ನೂ ಓರೆಗಣ್ಣಲ್ಲಿ ನೋಡುತ್ತಾನಲ್ಲ, ಹಾಗೆ. ಅದಾದರೂ ಹೋಗಲಿ. ಹೊಸ ಕಂಪನಿಗೆ ತನ್ನ ಹೆಸರಲ್ಲಿ ಕಳಿಸುವ ಒಪ್ಪಿಗೆಯನ್ನೂ ಶೀನ ಬರೆದಿಟ್ಟಿರಲಿಲ್ಲ.

ಭಾವ ಮೇಲನ್ನು ಚೀಲ ಅಂದುಕೊಂಡು ಬಿಲ್ಲಿನ ಹಿಂದೆ ಬರೆದು ತೋರಿಸಿದ. ಎಸ್‌ಪಿಎಫ್ ಅಂದರೆ ನನ್ನ ಚೀಲ ಯಾವ ಯಾವ ಗಾಡಿಯಲ್ಲಿ ಬರಬಹುದು ಅನ್ನುವ ಪಟ್ಟಿ. ಡಿಕಿಮ್ ಅಂದರೆ ಚೀಲದ ಬಾಯಿಗೆ ಹಾಕಿದ ಮುದ್ರೆ. ದಾರಿಯಲ್ಲಿ ಯಾರಾದರೂ ಬಿಚ್ಚಿ ಕೈಯಾಡಿಸಿದರೆ ಗೊತ್ತಾಗುತ್ತೆ. ಡಿಮಾರ್ಕ್ ಅಂದರೆ ಇವೆರಡರಲ್ಲಿ ಒಂದೂ ನನ್ನ ಹೆಸರಿಗೆ ತಾಳೆಯಾಗದಿದ್ದರೆ ಚೀಲವನ್ನು ಏನು ಮಾಡಬೇಕು ಅಂತ ಮಂಡಿಗೆ ಬರೆದ ಚೀಟಿ. ಶೀನನ ಪಟ್ಟಿಯಲ್ಲಿ ಇದ್ದದ್ದು ಹಳೇ ಗಾಡಿ ಮಾತ್ರ.

"ಬೇಡ ಅನ್ನೋರು ಬಿಟ್ಟು ಹೋಗೋಕೆ ಲಿಂಕ್ ಕೊಟ್ಟಿದ್ದೆಯಾ?"

"ಕೊಟ್ಟಿದ್ದೆ." ಸ್ವಲ್ಪ ತಡೆದು, "ಜಾಸ್ತಿ ಜನ ಒತ್ತುತ್ತಿದ್ದರು. ಅದಕ್ಕೆ ಬಿಳಿ ಬಣ್ಣ ಮಾಡಿದೆ."

"ಬಿಳಿ ಹಾಳೆ ಮೇಲೆ?"

ಶೀನ ಮಾತಾಡಲಿಲ್ಲ. ಭಾವ ಹಣೆ ಒತ್ತಿಕೊಂಡ. "ಬಾಗಿಲು ಮುಚ್ಚಿದರೆ ಜನ ಕಿಟಕಿ ಹಾರ್ತಾರೆ. ಸ್ಪ್ಯಾಮ್ ಗುಂಡಿ ಒತ್ತುತ್ತಾರೆ. ಈ ದೂರು ಸೇಕಡಾ 0.1ರ ಒಳಗಿರಬೇಕು, 0.3 ಮುಟ್ಟಲೇಬಾರದು ಅಂತ ಗೂಗಲ್ ಹೇಳುತ್ತೆ. ಅಂದರೆ ಸಾವಿರಕ್ಕೆ ಮೂರು ಜನ ಸಾಕು, ನಿನ್ನ ಹೆಸರು ಕೆಡಿಸೋಕೆ."

"ಮೂರೇ ಜನವಾ? ಯಾರು ಆ ಪುಣ್ಯಾತ್ಮರು?"

ಮಳೆ ಜೋರಾಯಿತು. ನಾನು ಬಜ್ಜಿಯ ತೊಟ್ಟನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ. ಮೇ ತಿಂಗಳಲ್ಲಿ, ದಿನಕ್ಕೊಂದು 'ಮಿಡಿ ಮುಗಿಯುತ್ತಿದೆ, ತ್ವರೆ ಮಾಡಿ' ಬರುತ್ತಿದ್ದಾಗ, ಒಂದು ಸಲ ಒತ್ತಿದ್ದೆ. ಒಂದೇ ಸಲ.

"ಸರಿ ಹೋಗೋದು ಹೇಗೆ?" ಶೀನ ಕೇಳಿದ.

"ಆ ಎಂಟು ಸಾವಿರ ಎಸೆದುಬಿಡು. ನಿಜವಾಗಿ ಕೊಂಡು ತಿಂದವರಿಗೆ ಮಾತ್ರ ಬರಿ. ನಿಧಾನ ಹೆಚ್ಚಿಸು. ಮಿಡಿ ಉಪ್ಪಲ್ಲಿ ಚಿರುಟೋಕೆ ಎಷ್ಟು ದಿನ ಬಿಡ್ತೀಯ?"

"ಚಿರುಟುವವರೆಗೂ."

"ಇದೂ ಅಷ್ಟೇ."

ಶೀನ ಕೊನೆಗೂ ಬಜ್ಜಿಗೆ ಕೈ ಹಾಕಿದ. ಆಮೇಲೆ ನನ್ನ ಕಡೆ ಕೈ ಚಾಚಿದ. "ಫೋನು ಕೊಡು. ಸ್ಪ್ಯಾಮ್ ಅಲ್ಲ ಅಂತ ನಾನೇ ಒತ್ತುತ್ತೀನಿ."

ಕೊಟ್ಟೆ. ಅವನು ನನ್ನನ್ನು ಬಿಟ್ಟು ರಾಯರ ಕಡೆ ತಿರುಗುವಷ್ಟರಲ್ಲಿ, ರಾಯರು ತಮ್ಮ ಫೋನನ್ನು ಮಡಿಸಿದ ಕೊಡೆಯೊಳಗೆ ಇಳಿಬಿಟ್ಟು ಮಳೆ ನಿಂತಿತಾ ಅಂತ ನೋಡುತ್ತಿದ್ದರು.