14 ವರ್ಷದ ನಂತರ ಗೋಕರ್ಣ: ನಾವಿಬ್ಬರೂ ಮತ್ತೆ ಹೋಗಬೇಕಾ?

ಘಟ್ಟದಮೇಲಿನವ

ಎಲ್ಲರಿಗೂ ನಮಸ್ಕಾರ. ನನಗೆ 52 ವರ್ಷ. ಊರು ಶಿರಸಿ ತಾಲೂಕಿನ ಒಂದು ಹಳ್ಳಿ, ಈಗ ಇರುವುದು ಪುಣೆಯಲ್ಲಿ. ನನ್ನ ಜೊತೆಗಾರ ಕಾರವಾರದವನು, ಸದಾಶಿವಗಡದ ಕಡೆಯವನು. ನಾವಿಬ್ಬರೂ ಒಟ್ಟಿಗಿದ್ದು 24 ವರ್ಷ ಆಯಿತು.

2001ರಿಂದ 2011ರವರೆಗೆ ಪ್ರತಿ ಡಿಸೆಂಬರಿನಲ್ಲಿ ಗೋಕರ್ಣಕ್ಕೆ ಹೋಗುತ್ತಿದ್ದೆವು. ಅದು ಗೇ ಜಾಗ ಅಂತ ಯಾರೂ ಬೋರ್ಡು ಹಾಕಿರಲಿಲ್ಲ. ಇಂಟರ್ನೆಟ್ಟಿನ ಒಂದು ಯಾಹೂ ಗ್ರೂಪಿನಲ್ಲಿ ಒಬ್ಬರಿಗೊಬ್ಬರು ಬರೆದುಕೊಂಡು ಬೆಂಗಳೂರು, ಹುಬ್ಬಳ್ಳಿ, ಮುಂಬೈ ಎಲ್ಲ ಕಡೆಯಿಂದ ನಮ್ಮಂಥವರು ಹತ್ತು ಹನ್ನೆರಡು ಜನ ಅಲ್ಲಿಯ ಕುಡ್ಲೆ ಬೀಚಿನಲ್ಲೋ ಓಂ ಬೀಚಿನಲ್ಲೋ ಸೇರುತ್ತಿದ್ದೆವು. ಮಡಲಿನ ಗುಡಿಸಲು, ಕೆಳಗೆ ಮರಳು, ಮೇಲೊಂದು ಸೊಳ್ಳೆಪರದೆ, ಎಲ್ಲರಿಗೂ ಸೇರಿ ಒಂದೇ ನಲ್ಲಿ. ಯಾರೂ ಏನೂ ಕೇಳುತ್ತಿರಲಿಲ್ಲ. ಆಗ ನಮ್ಮಂಥವರ ಸಂಬಂಧವನ್ನು ಅಪರಾಧ ಅನ್ನುವ 377ನೇ ಕಲಮು ಇತ್ತು, ಆದರೂ ನನ್ನ ಜೀವನದಲ್ಲಿ ಎದೆ ಹಗುರ ಮಾಡಿಕೊಂಡು ನಿದ್ದೆ ಮಾಡಿದ್ದು ಅಲ್ಲೇ. 2009ರ ಜುಲೈ 2ಕ್ಕೆ ಅದು ಅಪರಾಧ ಅಲ್ಲ ಅಂತ ದೆಹಲಿ ಹೈಕೋರ್ಟ್ ತೀರ್ಪು ಬಂತಲ್ವಾ, ಆ ವರ್ಷ ನಾನು ಮನೆಯಿಂದ ಒಂದು ಡಬ್ಬಿ ತೊಡದೇವು, ನಮ್ಮ ಕಡೆಯ ಸಿಹಿ, ತಂದಿದ್ದೆ. ಓಂ ಬೀಚಿನ ಬಂಡೆ ಮೇಲೆ ಕೂತು ಎಲ್ಲರಿಗೂ ಹಂಚಿದೆ. ಒಬ್ಬ ಅತ್ತುಬಿಟ್ಟ. ಅವನ ಹೆಸರು ಇವತ್ತಿಗೂ ನನಗೆ ಗೊತ್ತಿಲ್ಲ, ಗ್ರೂಪಿನಲ್ಲಿ ಇಟ್ಟುಕೊಂಡಿದ್ದ ಹೆಸರಷ್ಟೇ ಗೊತ್ತು.

ಆದರೆ ಗೋಕರ್ಣ ಅಂದರೆ ನಮ್ಮ ಕಡೆಯವರಿಗೆ ಬೀಚಲ್ಲ. ಯಾರಾದರೂ ತೀರಿಕೊಂಡರೆ ಅಪರಕಾರ್ಯಕ್ಕೆ ಹೋಗುವುದು ಅಲ್ಲಿಗೇ. ಅಲ್ಲಿಯ ಪುಷ್ಕರಣಿ ಕೋಟಿತೀರ್ಥದ ಮೆಟ್ಟಿಲ ಮೇಲೆ ಯಾವಾಗ ನೋಡಿದರೂ ಪರಿಚಯದವರು ಒಬ್ಬರಾದರೂ ಇರುತ್ತಾರೆ. ಅದಕ್ಕೇ ನಮ್ಮದೊಂದು ಲೆಕ್ಕ ಇತ್ತು. ಪೇಟೆಯಲ್ಲಿ ಅವನು ಹತ್ತು ಹೆಜ್ಜೆ ಮುಂದೆ, ನಾನು ಹಿಂದೆ. ಚಿರೆಕಲ್ಲಿನ ಗುಡ್ಡ ಹತ್ತಿ ಕುಡ್ಲೆಯ ಸಮುದ್ರ ಕಂಡ ಮೇಲೆ ಮಾತ್ರ ಕೈ ಹಿಡಿಯುವುದು. ಹತ್ತು ವರ್ಷ ಇದನ್ನು ಒಂದು ಸಲವೂ ತಪ್ಪಿಸಲಿಲ್ಲ.

2011ರಲ್ಲಿ ತಪ್ಪಿಸಿದೆವು. ಬೆಳಗಿನ ಜಾವ ಬಸ್‌ಸ್ಟ್ಯಾಂಡಿನಲ್ಲಿ ಅವನು ಕಾರವಾರದ ಬಸ್ಸಿಗೆ, ನಾನು ಕುಮಟಾ ಬಸ್ಸಿಗೆ. ಯಾರೂ ಇಲ್ಲ ಅಂದುಕೊಂಡು ಅವನ ಹಣೆಗೆ ಒಂದು ಮುತ್ತು ಕೊಟ್ಟೆ. ತಿರುಗಿ ನೋಡಿದರೆ ನಮ್ಮ ಸಂಬಂಧಿಕರೊಬ್ಬರು ಪೂಜೆ ಸಾಮಾನಿನ ಚೀಲ ಹಿಡಿದುಕೊಂಡು ನಿಂತಿದ್ದರು. ಅಲ್ಲಿ ಏನೂ ಅನ್ನಲಿಲ್ಲ. ನಾನು ದೇವಿಮನೆ ಘಟ್ಟ ಹತ್ತಿ ಮನೆ ಮುಟ್ಟುವಷ್ಟರಲ್ಲಿ ಫೋನು ಬಂದಾಗಿತ್ತು.

ಅಪ್ಪ ಕೊನೆವರೆಗೂ ನನ್ನ ಜೊತೆ ಮಾತಾಡಲಿಲ್ಲ. ಅವರು ಹೋದಾಗ ಗೋಕರ್ಣದಲ್ಲಿ ಕಾರ್ಯ ಮಾಡಿದ್ದು ತಮ್ಮ. ಹಿರಿಮಗ ನಾನು, ನನ್ನನ್ನು ಕರೆಯಲಿಲ್ಲ. ಅಂದಿನಿಂದ ಆ ಊರಿನ ಹೆಸರು ಕೇಳಿದರೆ ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ.

ಅಮ್ಮ ನಿಧಾನಕ್ಕೆ ಬದಲಾದರು. 2021ರ ನವೆಂಬರಿನಲ್ಲಿ ಟ್ರಾನ್ಸ್‌ಜೆಂಡರ್ ಜನಪದ ಕಲಾವಿದೆ ಮಂಜಮ್ಮ ಜೋಗತಿ ಪದ್ಮಶ್ರೀ ತಗೊಳ್ಳುವಾಗ ರಾಷ್ಟ್ರಪತಿಗೆ ಸೆರಗಿನಿಂದ ದೃಷ್ಟಿ ತೆಗೆದದ್ದನ್ನು ಟಿವಿಯಲ್ಲಿ ನೋಡಿ ನನಗೆ ಫೋನು ಮಾಡಿದರು. 'ನೀನೂ ಹೀಗೆಯೇನೋ?' ಅಂತ ಕೇಳಿದರು. ಅದು ಬೇರೆ, ನಂದು ಬೇರೆ ಅಂತ ಒಂದು ಗಂಟೆ ಬಿಡಿಸಿ ಹೇಳಿದೆ. ಹತ್ತು ವರ್ಷದಲ್ಲಿ ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು. ಈಗ ಹಬ್ಬಕ್ಕೆ ಇಬ್ಬರನ್ನೂ ಕರೆಯುತ್ತಾರೆ.

ಹಾಗಾಗಿ ಈ ಡಿಸೆಂಬರಿಗೆ ಗೋಕರ್ಣಕ್ಕೆ ಹೋಗೋಣ ಅಂತ ನಾನು. ಬೇಡ ಅಂತ ಅವನು. 2024ರ ಆಗಸ್ಟ್ 7ರಂದು ಕಾರವಾರದ ಕಾಳಿ ನದಿಯ ಹಳೇ ಸೇತುವೆ ಬಿತ್ತಲ್ಲ, ಅವನು ಸಣ್ಣವನಿದ್ದಾಗಿನಿಂದ ಅದರ ಮೇಲೇ ಓಡಾಡಿದವನು. ಆ ಫೋಟೋ ನೋಡಿದಾಗಿನಿಂದ ಒಂದೇ ಮಾತು ಅವನದು: ನಾವು ಬಿಟ್ಟುಬಂದದ್ದು ಯಾವುದೂ ಅಲ್ಲಿಲ್ಲ, ಸುಮ್ನೆ ಯಾಕೆ ಹೋಗಿ ಇರುವ ನೆನಪನ್ನೂ ಕಳೆದುಕೊಳ್ಳುವುದು.

ನಿಮ್ಮಲ್ಲಿ ಯಾರಾದರೂ ಹೀಗೆ ತುಂಬಾ ವರ್ಷದ ಮೇಲೆ ಹೋಗಿದ್ದೀರಾ? ಐವತ್ತು ದಾಟಿದ ಇಬ್ಬರು ಗಂಡಸರಿಗೆ ಅಲ್ಲಿ ಈಗ ಹೇಗಿದೆ? ರೂಮು ಕೊಡುವಾಗ ಏನಾದರೂ ಕೇಳುತ್ತಾರಾ?

ಬಳಚು_ಕುಮಟಾ

ಅಣ್ಣ, ಬಸ್‌ಸ್ಟ್ಯಾಂಡಿನ ಕತೆ ಓದಿ ಸ್ವಲ್ಪ ಹೊತ್ತು ಫೋನು ಕೆಳಗಿಟ್ಟೆ. ನಾನು ಇಲ್ಲಿಯವನೇ, ವಯಸ್ಸು 36, ವಾರಕ್ಕೆ ಎರಡು ಸಲ ಕೆಲಸದ ಮೇಲೆ ಗೋಕರ್ಣಕ್ಕೆ ಹೋಗುತ್ತೇನೆ.

ಮೊದಲು ನೀವು ಕೇಳಿದ್ದು. ಇಬ್ಬರು ಗಂಡಸರಿಗೆ ಒಂದು ರೂಮು ಅಂದರೆ ಇಲ್ಲಿ ಯಾರೂ ತಲೆ ಎತ್ತಿ ನೋಡುವುದಿಲ್ಲ. ಇಬ್ಬರ ಆಧಾರ್ ಕೇಳುತ್ತಾರೆ, ಅದು ಎಲ್ಲರಿಗೂ ಕೇಳುವುದೇ. ಶನಿವಾರ, ಭಾನುವಾರ, ಸಾಲು ರಜೆ ಮತ್ತು ಡಿಸೆಂಬರ್ 24ರಿಂದ ಜನವರಿ 2ರವರೆಗೆ ಮಾತ್ರ ಬರಲೇಬೇಡಿ. ಬೆಂಗಳೂರಿನಿಂದ ಪಂಚಗಂಗಾ ರೈಲು ಬೆಳಿಗ್ಗೆ ಗೋಕರ್ಣ ರೋಡಿನಲ್ಲಿ ಜನರನ್ನು ಇಳಿಸಿತು ಅಂದರೆ ಹತ್ತು ಗಂಟೆಗೆ ಓಂ ಬೀಚಿನಲ್ಲಿ ಕಾಲಿಡುವುದಕ್ಕೆ ಜಾಗ ಇರುವುದಿಲ್ಲ. ಎಲ್ಲರ ಕೈಯಲ್ಲೂ ಕ್ಯಾಮೆರಾ. ನಿಮ್ಮ ಕಾಲದಲ್ಲಿ ಒಬ್ಬ ಸಂಬಂಧಿಕರು ನೋಡುವ ಭಯ ಇತ್ತು, ಈಗ ಯಾರದೋ ರೀಲ್ಸಿನ ಹಿಂದುಗಡೆ ನೀವು ಕಾಣಿಸಬಹುದು. ಮಡಲಿನ ಗುಡಿಸಲು ಹುಡುಕಬೇಡಿ, ಸಿಮೆಂಟು ಬಂದಿದೆ. ಆದರೆ ಕುಡ್ಲೆಯಿಂದ ಓಂಗೆ, ಓಂನಿಂದ ಹಾಫ್ ಮೂನಿಗೆ ಗುಡ್ಡದ ಕಾಲುದಾರಿ ಹಾಗೇ ಇದೆ. ಸೋಮವಾರದಿಂದ ಗುರುವಾರದ ಒಳಗೆ ಬೆಳಿಗ್ಗೆ ಏಳಕ್ಕೆ ಹೊರಟರೆ ದಾರಿಯಲ್ಲಿ ಜನ ಸಿಗುವುದೇ ಅಪರೂಪ.

ಇನ್ನೊಂದು ಮಾತು ಹೇಳಬೇಕು, ತಪ್ಪು ತಿಳಿಯಬೇಡಿ. ನೀವು ಬರುತ್ತಿದ್ದ ಕಾಲಕ್ಕೆ ನಾನು ಹೈಸ್ಕೂಲು ಹುಡುಗ. ಶಿವರಾತ್ರಿ ತೇರಿಗೆ ಬಂದವನು ಗೆಳೆಯರ ಜೊತೆ ಗುಡ್ಡ ಹತ್ತಿ ಆಚೆ ಹೋದಾಗ ಇಬ್ಬರು ಗಂಡಸರು ಕೈ ಹಿಡಿದು ನಡೆಯುವುದನ್ನು ನೋಡಿದ್ದೇನೆ. ನೀವೇ ಇದ್ದಿರಬಹುದು ಅಂತಲ್ಲ. ಗೆಳೆಯರು ನಕ್ಕರು, ನಾನೂ ನಕ್ಕೆ. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ನನ್ನಂಥವರು ಇದ್ದಾರೆ ಅಂತ ಗೊತ್ತಾಗಿದ್ದು ಆವತ್ತು. ಆದರೆ ಹತ್ತಿರ ಬಂದು ಮಾತಾಡುವ ಹಾಗಿರಲಿಲ್ಲ, ಯಾಕೆಂದರೆ ನಿಮಗೆ ಆಚೆ ಯಾರ ಪರಿಚಯವೂ ಇರಲಿಲ್ಲ, ನನಗೆ ದೋಣಿಯವನೂ ಗೊತ್ತು, ಚಹಾದವನೂ ಗೊತ್ತು, ಬಳೆ ಮಾರುವ ಹೆಂಗಸಿಗೆ ನಮ್ಮ ಅಜ್ಜಿ ಗೊತ್ತು. ನಿಮಗೆ ಬಿಡುವು ಸಿಕ್ಕಿದ ಜಾಗ ನನಗೆ ಮನೆ. ನನಗೆ ಉಸಿರಾಡಬೇಕು ಅನ್ನಿಸಿದರೆ ಮಾಜಾಳಿ ದಾಟಿ ಗೋವಾದ ಪಾಳೊಳೆಂ ಬೀಚಿಗೆ ಹೋಗುತ್ತೇನೆ, ಈಗಲೂ.

ಬನ್ನಿ ಅಣ್ಣ. ನೀವು ಅಂದು ಕೈ ಹಿಡಿದು ನಡೆದದ್ದು ನೋಡಿದವರು ನಾವು ಕೆಲವರು ಇದ್ದೇವೆ.

ಮಳೆಗಾಲದವಳು

ನಾನು ಬೆಂಗಳೂರಿನವಳು. 2006ರಲ್ಲಿ ನಾನೂ ನನ್ನ ಗೆಳತಿಯೂ ಇದೇ ಗೋಕರ್ಣಕ್ಕೆ ಹೋಗಿದ್ದೆವು. ಗ್ರೂಪಿನವರು ಅಷ್ಟು ಹೊಗಳಿದ್ದರು ಅಂತಲೇ ಹೋಗಿದ್ದು. ನಮಗೆ ಅದು ಅಷ್ಟು ಸಲೀಸಾಗಿರಲಿಲ್ಲ. ರೂಮಿಗೆ ಹೋದರೆ ಮೊದಲ ಪ್ರಶ್ನೆ, ಜೊತೆಗೆ ಗಂಡಸರು ಯಾರೂ ಇಲ್ವಾ. ಸಂಜೆ ದಂಡೆ ಮೇಲೆ ಕೂತರೆ ಸುತ್ತ ನಾಲ್ಕು ಜನ ಬಂದು ಕೂರುತ್ತಿದ್ದರು. ಎರಡನೇ ದಿನವೇ ಎದ್ದು ಬಂದೆವು. ಇಬ್ಬರು ಗಂಡಸರನ್ನು ಯಾರೂ ನೋಡುವುದಿಲ್ಲ ಅನ್ನುವುದು ಇಬ್ಬರು ಹೆಂಗಸರಿಗೆ ಅನ್ವಯಿಸುವುದಿಲ್ಲ, ಓದುವ ಹುಡುಗಿಯರಿಗೆ ತಿಳಿದಿರಲಿ ಅಂತ ಬರೆದೆ.

ಆದರೆ ಈಗಿನದನ್ನೂ ಹೇಳುತ್ತೇನೆ. ಹೋದ ವರ್ಷ ಮತ್ತೆ ಹೋಗಿದ್ದೆವು. ಜನ ಜಾಸ್ತಿ ಇದ್ದದ್ದು ನಮಗೆ ಒಳ್ಳೆಯದೇ ಆಯಿತು. ಹೆಣ್ಣುಮಕ್ಕಳ ಗುಂಪು, ಸಂಸಾರದವರು, ಎಲ್ಲರೂ ಇದ್ದರು, ನಮ್ಮನ್ನು ಗುರಾಯಿಸುವುದಕ್ಕೆ ಯಾರಿಗೂ ಪುರುಸೊತ್ತಿರಲಿಲ್ಲ. ನೀವು ಕಳೆದುಕೊಂಡ ಖಾಲಿ ದಂಡೆಯಲ್ಲಿ ನನಗೆ ಹೆದರಿಕೆ ಇತ್ತು. ಅದನ್ನು ನೆನೆದು ನನಗೆ ದುಃಖ ಆಗುವುದಿಲ್ಲ.

ಕಾನೂನಿನ ಮಾತು ಬಂದಿದ್ದಕ್ಕೆ: 2013ರ ಡಿಸೆಂಬರ್ 11ಕ್ಕೆ ಸುಪ್ರೀಂ ಕೋರ್ಟ್ ಆ ದೆಹಲಿ ತೀರ್ಪನ್ನು ತಿರುಗಿಸಿತು, 2018ರ ಸೆಪ್ಟೆಂಬರ್ 6ಕ್ಕೆ ನಮ್ಮ ಪರ ಕೊಟ್ಟಿತು, 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಕಲಮೇ ಇಲ್ಲ. ರೂಮು ಕೊಡುವವರ ಮುಂದೆ ನೀವು ತಪ್ಪು ಮಾಡಿದವರ ಹಾಗೆ ನಿಲ್ಲಬೇಕಾಗಿಲ್ಲ. ಮದುವೆ ಮಾತ್ರ 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಸಿಗಲಿಲ್ಲ. ನಾಳೆ ನಿಮ್ಮಲ್ಲಿ ಒಬ್ಬರು ಆಸ್ಪತ್ರೆ ಸೇರಿದರೆ ಇನ್ನೊಬ್ಬರು ಯಾರು ಅಂತ ಕೇಳುತ್ತಾರೆ. ವಿಲ್ಲು, ನಾಮಿನಿ ಎಲ್ಲ ಮಾಡಿಟ್ಟುಕೊಳ್ಳಿ. ಪ್ರವಾಸದ ವಿಷಯಕ್ಕೆ ಇದು ಸಂಬಂಧವಿಲ್ಲ, ಆದರೂ 24 ವರ್ಷ ಅಂತ ಓದಿದಾಗ ಹೇಳಬೇಕು ಅನ್ನಿಸಿತು.

ಹುಬ್ಬಳ್ಳಿ_ಹಳಬ

ನಾನು ಹೋಗಿಬಂದವನು, ಹಾಗಾಗಿ ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ. 2022ರಲ್ಲಿ ಹಳೇ ಗುಂಪಿನ ಇಬ್ಬರು ಸೇರಿ ಹೋದೆವು, 13 ವರ್ಷದ ಮೇಲೆ. ಅದೇ ದಂಡೆ, ಅದೇ ಬಂಡೆ, ಅಲ್ಲೇ ಕೂರಬೇಕು ಅಂತ ಹಟ ಮಾಡಿದ್ದು ನಾನು. ಅದೇ ತಪ್ಪಾಯಿತು. ಎಲ್ಲಿ ನೋಡಿದರೂ ಇಲ್ಲದ್ದೇ ಕಾಣುತ್ತಿತ್ತು. ಇವನು ಎಲ್ಲಿ, ಅವನು ಏನಾದ, ಒಬ್ಬನಿಗೆ ಮನೆಯವರು ಹೊಡೆದುಬಡಿದು ಮದುವೆ ಮಾಡಿಸಿದರು, ಒಬ್ಬ ಇಲ್ಲವೇ ಇಲ್ಲ. ಯಾಹೂ ಗ್ರೂಪ್ 2020ರಲ್ಲಿ ಮುಚ್ಚಿದಾಗ ನಾವು ಬರೆದುಕೊಂಡ ಕಾಗದಗಳೂ ಹೋದವು, ಅವರನ್ನು ಹುಡುಕುವ ದಾರಿಯೂ ಹೋಯಿತು. ಸಂಜೆಯಾಗುವಷ್ಟರಲ್ಲಿ ನಾವಿಬ್ಬರೇ ಜಗಳ ಆಡಿಕೊಂಡೆವು. ಮಾರನೇ ದಿನ ಹೊರಡಬೇಕು ಅಂದುಕೊಂಡವರು ಸುಮ್ನೆ ಪಕ್ಕದ ತದಡಿಗೆ ಹೋಗಿ ಬಾರ್ಜ್ ಹತ್ತಿ ನದಿಯ ಆಚೆ ದಡದ ಅಘನಾಶಿನಿ ಊರಿಗೆ ದಾಟಿದೆವು. ಅಲ್ಲಿ ನಮಗೆ ಯಾವ ಹಳೇ ನೆನಪೂ ಇರಲಿಲ್ಲ. ಇಳಿತದ ಹೊತ್ತಿಗೆ ಹೆಂಗಸರು ನೀರಿಗಿಳಿದು ಬಳಚು (ಚಿಪ್ಪಿಕಲ್ಲು) ಆರಿಸುತ್ತಿದ್ದರು. ಮೂರು ದಿನ ಉಳಿದೆವು. ಮನಸ್ಸು ತಿಳಿಯಾದ ಮೇಲೆ ಒಂದು ಮಧ್ಯಾಹ್ನ ವಾಪಸ್ ದಾಟಿ ಓಂ ಬೀಚಿಗೆ ಹೋದೆವು, ಒಂದು ಗಂಟೆ ಕೂತೆವು, ಆಗ ಅದು ಚೆನ್ನಾಗಿಯೇ ಇತ್ತು.

ನಿಮ್ಮ ಜೊತೆಗಾರ ಹೇಳುವುದರಲ್ಲಿ ಅರ್ಥ ಇದೆ. ಅವರನ್ನು ಒತ್ತಾಯ ಮಾಡಿ ಕರೆದುಕೊಂಡು ಹೋಗಬೇಡಿ. ಉಳಿಯುವುದು ಹೊಸ ಜಾಗದಲ್ಲಿ ಆಗಲಿ.

ಒಂದು ಕೇಳಲಾ? 2009ರಲ್ಲಿ ತೊಡದೇವು ಡಬ್ಬಿ ಅಂದಿರಿ. ಸ್ಟೀಲಿನ ಉದ್ದನೆಯ ಡಬ್ಬಿ, ಮುಚ್ಚಳ ಸ್ವಲ್ಪ ಜಜ್ಜಿತ್ತಾ?

ಘಟ್ಟದಮೇಲಿನವ

ಜಜ್ಜಿತ್ತು. ಬಸ್ಸಿನಲ್ಲಿ ಬಿದ್ದು ಜಜ್ಜಿದ್ದು. ಅಳುತ್ತಿದ್ದವನು ನೀನಾ?

ಹುಬ್ಬಳ್ಳಿ_ಹಳಬ

ನಾನೇ. ನಿನಗೆ ಖಾಸಗಿ ಮೆಸೇಜು ಮಾಡಿದ್ದೇನೆ, ನೋಡು.

ಘಟ್ಟದಮೇಲಿನವ

ಮೂರು ದಿನ ಬರೆಯಲಿಲ್ಲ, ಕ್ಷಮಿಸಿ. ಎಲ್ಲರ ಮಾತನ್ನೂ ಅವನಿಗೆ ಓದಿ ಹೇಳಿದೆ. ಮಳೆಗಾಲದವಳು ಬರೆದದ್ದನ್ನು ಎರಡು ಸಲ ಓದಿಸಿದ. ನಮ್ಮ ಗುಂಪಿನಲ್ಲಿ ಹೆಂಗಸರು ಯಾಕೆ ಬರುತ್ತಿರಲಿಲ್ಲ ಅಂತ ಹತ್ತು ವರ್ಷದಲ್ಲಿ ನಾವು ಒಂದು ಸಲವೂ ಕೇಳಿಕೊಂಡಿರಲಿಲ್ಲ. ಕೇಳಬೇಕಿತ್ತು. ವಿಲ್ಲಿಗೆ ಈ ತಿಂಗಳೇ ವಕೀಲರ ಹತ್ತಿರ ಹೋಗುತ್ತೇವೆ.

ಕುಮಟಾದ ತಮ್ಮ, ನಿನ್ನ ಮಾತು ಓದುವಾಗ ಅವನು ಎದ್ದು ಬಾಲ್ಕನಿಗೆ ಹೋದ. ಹತ್ತು ನಿಮಿಷ ಬಿಟ್ಟು ಬಂದು, 'ನಮ್ಮನ್ನು ನೋಡಿದವರು ಆ ಸಂಬಂಧಿಕರು ಒಬ್ಬರೇ ಅಂದುಕೊಂಡಿದ್ದೆ' ಅಂದ. ಅಷ್ಟೇ ಅಂದದ್ದು.

ಡಿಸೆಂಬರ್ 8ಕ್ಕೆ ಹೊರಡುತ್ತೇವೆ, ಸೋಮವಾರ. ಉಳಿಯುವುದು ಅಘನಾಶಿನಿಯಲ್ಲಿ. ಮೊದಲು ಶಿರಸಿ, ಅಮ್ಮನ ಹತ್ತಿರ ಎರಡು ದಿನ. ಅಪ್ಪನ ಹೆಸರಿನಲ್ಲಿ ಕೋಟಿತೀರ್ಥಕ್ಕೆ ಇಳಿದು ಒಂದು ಬೊಗಸೆ ನೀರು ಬಿಡಬೇಕು ಅಂತ ನನಗಿದೆ, ಅದನ್ನು ಅಮ್ಮನಿಗೆ ಇನ್ನೂ ಹೇಳಿಲ್ಲ. ಅವನದು ಒಂದೇ ಷರತ್ತು, ಆ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವುದಿಲ್ಲ. ಗೋಕರ್ಣಕ್ಕೆ ಹೋದರೆ ನದಿ ಕಡೆಯಿಂದಲೇ, ತದಡಿ ಮೇಲೇ.

ದೇವಿಮನೆ ಘಟ್ಟದಲ್ಲಿ ರಸ್ತೆ ಕೆಲಸದಿಂದ ಬಸ್ಸು ಬಿಡುವುದಿಲ್ಲ ಅಂದರೆ ಸಿದ್ದಾಪುರದ ಮೇಲೆ ದೊಡ್ಮನೆ ಘಟ್ಟ ಇಳಿದು ಬರುತ್ತೇವೆ. ಕುಮಟಾ ಮುಟ್ಟುವಾಗ ಸಂಜೆ ಆಗಬಹುದು. ಗೋಕರ್ಣ ನೋಡಿಕೊಂಡು ಅಘನಾಶಿನಿಗೆ ವಾಪಸ್ ಬರುವ ದಿನ ತದಡಿಯಿಂದ ಕೊನೆಯ ಬಾರ್ಜ್ ಎಷ್ಟು ಗಂಟೆಗೆ, ತಮ್ಮ? ನೀನು ಆ ದಿನ ಕೆಲಸದ ಮೇಲೆ ಗೋಕರ್ಣದಲ್ಲೇ ಇದ್ದರೆ ತದಡಿಗೆ ಬಾ. ಪರಿಚಯದವರು ಇದ್ದಾರೆ ಅಂತ ದೂರ ನಿಂತು ಕೈ ಬೀಸಿದರೂ ಸಾಕು, ನಮಗೆ ಗೊತ್ತಾಗುತ್ತದೆ.