ಪಿವಿ–ಪಿವಿ ಸಿನಾಪ್ಸ್ ಕುಗ್ಗುವ ಬದಲು 5 ಹರ್ಟ್ಸ್‌ನಲ್ಲಿ ಸತ್ತೇ ಹೋಗಿದೆ

ಸ್ಪೈಕ್‌ಪ್ರಿಯ:
ನಮಸ್ಕಾರ. ಇಲಿಯ ಕಾರ್ಟೆಕ್ಸ್‌ನ ಪಿವಿ ಕೋಶಗಳ (ಪಾರ್ವಾಲ್ಬ್ಯುಮಿನ್ ಪ್ರೋಟೀನ್ ಇರುವ, ಬೇರೆ ಕೋಶಗಳನ್ನು ತಡೆಯುವ ನರಕೋಶಗಳು) ಪುಟ್ಟ ನೆಟ್‌ವರ್ಕ್ ಒಂದನ್ನು ಬ್ರಯಾನ್ 2 ಎಂಬ ನರಕೋಶ ಸಿಮ್ಯುಲೇಟರ್‌ನಲ್ಲಿ ಕಟ್ಟುತ್ತಿದ್ದೇನೆ. ಸಿನಾಪ್ಸ್‌ಗೆ ಸೋಡಿಕ್ಸ್–ಮಾರ್ಕ್ರಾಮ್ ಮಾದರಿ: ಎಕ್ಸ್ ಅಂದರೆ ಉಳಿದಿರುವ ದಾಸ್ತಾನು, ಯು ಅಂದರೆ ಸ್ಪೈಕ್ ಬಂದಾಗ ಅದರಲ್ಲಿ ಬಿಡುಗಡೆ ಆಗುವ ಪಾಲು, ದೊಡ್ಡ ಯು ಅಂದರೆ ಯುವಿನ ಮೂಲ ಮಟ್ಟ, ಟೌ ಅಂದರೆ ಸಮಯದ ಅಳತೆ. ದೊಡ್ಡ ಯು 0.5, ಚೇತರಿಕೆಯ ಟೌ 700 ಮಿಲಿಸೆಕೆಂಡ್, ಫೆಸಿಲಿಟೇಶನ್ (ಸ್ಪೈಕ್ ಮೇಲೆ ಸ್ಪೈಕ್ ಬಂದಂತೆ ಬಲ ಏರುವುದು) ಟೌ 20 ಮಿಲಿಸೆಕೆಂಡ್. ಪಿವಿಯಿಂದ ಪಿವಿಗೆ ಹೋಗುವ ಸಿನಾಪ್ಸ್ ಡಿಪ್ರೆಸ್ ಆಗಬೇಕು, ಸ್ಪೈಕ್ ಮೇಲೆ ಸ್ಪೈಕ್ ಬಂದ ಹಾಗೆ ಕುಗ್ಗಬೇಕು, ಅಲ್ವಾ? ನನಗೆ ಉಲ್ಟಾ. 50 ಹರ್ಟ್ಸ್‌ನಲ್ಲಿ ಮೊದಲ ಸ್ಪೈಕ್‌ಗೆ ಬಿಡುಗಡೆ (ಯು ಗುಣಿಸು ಎಕ್ಸ್) ಸೊನ್ನೆ, ಎರಡನೆಯದಕ್ಕೆ ದಿಢೀರನೆ 0.18. 5 ಹರ್ಟ್ಸ್ ಕೊಟ್ಟರೆ ಗೆರೆ ಮಲಗಿಬಿಡುತ್ತದೆ. ಎಕ್ಸ್ ಶುರುವಿನಲ್ಲೇ 1 ಇದೆ. ಟೌಗಳನ್ನು ಬದಲಾಯಿಸಿದರೂ ಪ್ರಯೋಜನ ಇಲ್ಲ.

ರಾತ್ರಿಪಾಳಿ:
ಟೌ ಬಿಡಿ. ಸ್ಪೈಕ್ ಬಂದಾಗ ಓಡುವ ಸಾಲುಗಳು ಯಾವ ಕ್ರಮದಲ್ಲಿವೆ?

ಸ್ಪೈಕ್‌ಪ್ರಿಯ:
ಮೊದಲು ಯು ಗುಣಿಸು ಎಕ್ಸ್ ಅನ್ನು ಕಂಡಕ್ಟನ್ಸ್‌ಗೆ (ಸಿನಾಪ್ಸ್ ಎಷ್ಟು ತೆರೆದಿದೆ ಎಂಬ ಅಳತೆ) ಸೇರಿಸುತ್ತೇನೆ. ಅಷ್ಟನ್ನೇ ಎಕ್ಸ್‌ನಿಂದ ಕಳೆಯುತ್ತೇನೆ. ಕೊನೆಗೆ ಯು ಏರಿಸುತ್ತೇನೆ. ಸ್ಪೈಕ್ ಇಲ್ಲದಾಗ ಯು ಸೊನ್ನೆಗೆ ಇಳಿಯುತ್ತದೆ.

ರಾತ್ರಿಪಾಳಿ:
ಅಲ್ಲೇ ಇದೆ ತೊಂದರೆ. ಈ ಮಾದರಿಯನ್ನು ಜನ ಎರಡು ಥರ ಬರೆಯುತ್ತಾರೆ. ಒಂದರಲ್ಲಿ ಯು ಸೊನ್ನೆಗೆ ಇಳಿಯುತ್ತದೆ. ಅಲ್ಲಿ ಸ್ಪೈಕ್ ಬಂದ ತಕ್ಷಣ ಯು ಏರಿಸಿ, ಆಮೇಲೆ ಬಳಸಬೇಕು. ಇನ್ನೊಂದರಲ್ಲಿ ಯು ಇಳಿದು ದೊಡ್ಡ ಯುವಿನ ಮಟ್ಟದಲ್ಲೇ ನಿಲ್ಲುತ್ತದೆ. ಅಲ್ಲಿ ಮೊದಲು ಬಳಸಿ ಆಮೇಲೆ ಏರಿಸುವುದು ಸರಿ. ಲೆಕ್ಕ ಎರಡರದ್ದೂ ಒಂದೇ. ಆದರೆ ನಿಮ್ಮ ಕೋಡ್‌ನಲ್ಲಿ ಇಳಿತ ಮೊದಲನೆಯದರದ್ದು, ಕ್ರಮ ಎರಡನೆಯದರದ್ದು. ಮೊದಲ ಸ್ಪೈಕ್ ಹೊತ್ತಿಗೆ ಯು ಸೊನ್ನೆ, ಹಾಗಾಗಿ ಏನೂ ಬಿಡುಗಡೆ ಆಗುವುದಿಲ್ಲ. 5 ಹರ್ಟ್ಸ್ ಎಂದರೆ 200 ಮಿಲಿಸೆಕೆಂಡ್ ಅಂತರ, ಹತ್ತು ಟೌ. ಅಷ್ಟರಲ್ಲಿ ಏರಿಸಿದ ಯು ಪೂರ್ತಿ ಕರಗಿರುತ್ತದೆ. ನೋಡಿದವರಿಗೆ ಫೆಸಿಲಿಟೇಶನ್ ಅನ್ನಿಸುತ್ತದೆ, ಸುಮ್ನೆ ಮೋಸ.

ಯು ಏರಿಸುವ ಸಾಲನ್ನು ಮೇಲಕ್ಕೆ ತನ್ನಿ. 50 ಹರ್ಟ್ಸ್‌ನಲ್ಲಿ 0.50, 0.30, 0.14 ಬರಬೇಕು.

ಸ್ಪೈಕ್‌ಪ್ರಿಯ:
ಬಂತು! 5 ಹರ್ಟ್ಸ್‌ನಲ್ಲೂ 0.50, 0.31, 0.24. ತುಂಬಾ ಥ್ಯಾಂಕ್ಸ್. ಇದನ್ನೇ ಎಲ್ಲ ಇನ್‌ಹಿಬಿಟರಿ (ತಡೆಯುವ) ಕೋಶಗಳ ಜೋಡಿಗಳಿಗೂ ಹಾಕಿಬಿಡಲಾ?

ಸ್ಲೈಸ್‌ವಾಲಾ:
ಬೇಡ ಮಾರಾಯ್ರೆ! ತಡೆಯುವ ಕೋಶಗಳಲ್ಲಿ ಇನ್ನೆರಡು ಬಗೆ ಇವೆ, ಸೊಮಾಟೊಸ್ಟ್ಯಾಟಿನ್ ಮತ್ತು ವಿಐಪಿ. ಸೊಮಾಟೊಸ್ಟ್ಯಾಟಿನ್ ಕೋಶಗಳು ಪಿವಿಯನ್ನು ತಡೆಯುತ್ತವೆ, ವಿಐಪಿಯನ್ನೂ ತಡೆಯುತ್ತವೆ, ಆದರೆ ತಮ್ಮಲ್ಲೇ ಒಂದನ್ನೊಂದು ತಡೆಯುವುದು ತೀರಾ ಕಡಿಮೆ. ಇಲಿಯ ದೃಷ್ಟಿ ಕಾರ್ಟೆಕ್ಸ್‌ನಲ್ಲಿ 2013ರಲ್ಲೇ ಇದನ್ನು ತೋರಿಸಿದ್ದಾರೆ. ಆ ಜೋಡಿಯನ್ನು ಖಾಲಿ ಬಿಡಿ. ವಿಐಪಿ ಮುಖ್ಯವಾಗಿ ಸೊಮಾಟೊಸ್ಟ್ಯಾಟಿನ್ ಕೋಶಗಳನ್ನು ತಡೆಯುತ್ತದೆ. ಇನ್ನು ಪಿವಿ–ಪಿವಿ ನಡುವೆ ಗ್ಯಾಪ್ ಜಂಕ್ಷನ್ ಕೂಡ ಇದೆ, 1999ರಿಂದ ಗೊತ್ತಿರುವ ವಿಷಯ. ಅದು ನೇರ ವಿದ್ಯುತ್ ಸಂಪರ್ಕ, ಎಕ್ಸ್–ಯು ಅದಕ್ಕೆ ತಗಲುವುದಿಲ್ಲ. ಬೇರೆಯಾಗಿಯೇ ಬರೆಯಿರಿ.

ಇನ್ನೊಂದು. ಕುಗ್ಗುವುದನ್ನು ವೋಲ್ಟೇಜ್‌ನಲ್ಲಿ ಅಳೆಯಬೇಡಿ, ಕಂಡಕ್ಟನ್ಸ್‌ನಲ್ಲಿ ಅಳೆಯಿರಿ. ಕೋಶ ಕ್ಲೋರೈಡ್‌ನ ರಿವರ್ಸಲ್ (ಕ್ಲೋರೈಡ್ ಒಳಗೂ ಹೊರಗೂ ಸಮನಾಗಿ ಹರಿಯುವ ವೋಲ್ಟೇಜ್) ಹತ್ತಿರ ಕೂತಿದ್ದರೆ ಸಿನಾಪ್ಸ್ ಗಟ್ಟಿಯಾಗಿದ್ದರೂ ವೋಲ್ಟೇಜ್ ಅಲ್ಲಾಡುವುದಿಲ್ಲ.

ಆ 0.5 ಯಾವ ದ್ರಾವಣದಲ್ಲಿ ಅಳೆದದ್ದು ಅಂತಲೂ ನೋಡಿ. ಸ್ಲೈಸ್‌ಗೆ (ಪ್ರಯೋಗಕ್ಕೆ ಕತ್ತರಿಸಿದ ಮೆದುಳಿನ ತೆಳು ಹೋಳು) ಸಾಮಾನ್ಯವಾಗಿ 2 ಮಿಲಿಮೋಲಾರ್ ಕ್ಯಾಲ್ಸಿಯಂ ಹಾಕುತ್ತೇವೆ, ಮೆದುಳಿನ ದ್ರವದಲ್ಲಿ ಇರುವುದು 1.2ರ ಆಸುಪಾಸು. ಕ್ಯಾಲ್ಸಿಯಂ ಜಾಸ್ತಿ ಆದರೆ ಬಿಡುಗಡೆಯೂ ಜಾಸ್ತಿ, ಕುಗ್ಗುವುದೂ ಜಾಸ್ತಿ. ಒಮ್ಮೆ ದೊಡ್ಡ ಯು 0.3 ಹಾಕಿ ಓಡಿಸಿ. 50 ಹರ್ಟ್ಸ್‌ನಲ್ಲಿ 0.30 ಆದ ಮೇಲೆ 0.27 ಬರುತ್ತದೆ. ನಿಮ್ಮ ನೆಟ್‌ವರ್ಕ್ ಅಲ್ಲೂ ಹೀಗೇ ನಡೆದುಕೊಳ್ಳುತ್ತದಾ ನೋಡಿ ಹೇಳಿ.