ಪದ ಬೇಕು, ತುರ್ತು: ಹಾವಿನ ಪೆಟ್ಟಿಗೆಯ ‘ಸಬ್‌ಸ್ಟ್ರೇಟ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಟಿಳಕವಾಡಿಯ ಸಾಕುಪ್ರಾಣಿ ಅಂಗಡಿಯೊಂದಕ್ಕೆ ಹಾವು ಸಾಕುವವರ ಕೈಪಿಡಿಯನ್ನು ಕನ್ನಡಕ್ಕೆ ಮಾಡಿಕೊಡುತ್ತಿದ್ದೇನೆ. ಬಾಲ್ ಪೈಥಾನ್ ಮತ್ತು ಕಾರ್ನ್ ಸ್ನೇಕ್, ಎರಡೇ ಹಾವು. ನಾಳೆ ಸಂಜೆ ಪ್ರೆಸ್ಸಿಗೆ ಕೊಡಬೇಕು. ಉಳಿದದ್ದೆಲ್ಲ ಆಗಿದೆ, ‘ಸಬ್‌ಸ್ಟ್ರೇಟ್’ ಒಂದರಲ್ಲಿ ಸಿಕ್ಕಿಕೊಂಡಿದ್ದೇನೆ. ಪೆಟ್ಟಿಗೆಯ ತಳದಲ್ಲಿ ಹರವುತ್ತಾರಲ್ಲ, ಅದು. ಹಳೆ ಪೇಪರ್ ಇರಬಹುದು, ಟಿಶ್ಯೂ ಇರಬಹುದು, ಆಸ್ಪೆನ್ ಮರದ ರಂದಾ ಹೊಟ್ಟು, ತೆಂಗಿನ ಸಿಪ್ಪೆಯ ಚೂರು, ನಾರಿನ ಪುಡಿ, ಮಣ್ಣು. ಎಲ್ಲಕ್ಕೂ ಒಂದೇ ಹೆಸರು ಬೇಕು.

‘ಅಧಃಸ್ತರ’ ಅಂತ ಬರೆದು ತೋರಿಸಿದೆ. “ಅಕ್ಕಾ, ಇದು ಪಂಚಾಂಗದ ಮಾತಾ?” ಅಂತ ಅಂಗಡಿಯ ಹುಡುಗ ಕೇಳಿದ.

ಪದ ಕೂರಬೇಕಾದ ಜಾಗಗಳು ಇವು:

“ಬಾಲ್ ಪೈಥಾನಿಗೆ ತೇವ ಹಿಡಿದಿಡುವ ___ ಬೇಕು. ತೇವ ಇರಲಿ, ಒದ್ದೆ ಬೇಡ. ಒದ್ದೆಯಲ್ಲೇ ಬಿದ್ದುಕೊಂಡರೆ ಹೊಟ್ಟೆಯ ಕೆಳಗಿನ ಹುರುಪೆ ಕೊಳೆಯುತ್ತದೆ.”

“ಆಸ್ಪೆನ್ ___ ಒಣಗಿದ್ದರೆ ಒಳ್ಳೆಯದು, ನೀರು ತಾಗಿದರೆ ಬೂಷ್ಟು ಹಿಡಿಯುತ್ತದೆ. ಸೀಡರ್ ಮರದ ___ ಯಾವ ಹಾವಿಗೂ ಬೇಡ.”

“ಹೊಸದಾಗಿ ತಂದ ಹಾವಿಗೆ ಮೊದಲು ಬಿಳಿ ಟಿಶ್ಯೂ ___ ಹಾಕಿ. ನುಸಿ ಇದ್ದರೆ ಕಣ್ಣಿಗೆ ಬೀಳುತ್ತದೆ.”

— ಅನುವಾದಕಿ, ಬೆಳಗಾವಿ

ಮರು:

ತಳಹಾಸು. ಇದಕ್ಕೂ ಚರ್ಚೆ ಬೇಕಾ?

— ವಿಜಯಪುರ

ಮರು:

ಬೇಕು. ‘ತಳಹಾಸು’ ದಂಡದ ಪದ. ಹಾಸುವುದು ತಳಕ್ಕೇ ಅಲ್ವಾ? ಮೇಲೆ ಹೊದಿಸುತ್ತಾರೆ, ಕೆಳಗೆ ಹಾಸುತ್ತಾರೆ. ಬರೀ ‘ಹಾಸು’ ಅನ್ನಿ. ಹಾಸುವ ಕೆಲಸಕ್ಕೂ ಅದೇ, ಹಾಸಿದ ವಸ್ತುವಿಗೂ ಅದೇ. ಹಳಗನ್ನಡದ ‘ಪಾಸು’ ಇದು. ಪಾಲು ಹಾಲಾಯಿತು, ಪಾವು ಹಾವಾಯಿತು, ಪಾಸು ಹಾಸಾಯಿತು. ತಮಿಳರು ಚಾಪೆಗೆ ಈಗಲೂ ‘ಪಾಯ್’ ಅಂತಾರೆ, ಬೇರು ಒಂದೇ. ಹಾವೂ ಹಾಸೂ ಒಟ್ಟಿಗೇ ಪಕಾರದ ಪೊರೆ ಬಿಟ್ಟು ಬಂದ ಪದಗಳು. ಇದಕ್ಕಿಂತ ಒಳ್ಳೆ ಜೋಡಿ ಎಲ್ಲಿ ಸಿಗುತ್ತದೆ?

ಇನ್ನು ‘ತಳ’ ಸಂಸ್ಕೃತದ ‘ತಲ’. ಅದನ್ನು ಅಚ್ಚಗನ್ನಡದ ಹಾಸಿಗೆ ಅಂಟಿಸಿದರೆ ಅರಿಸಮಾಸ. ‘ಅಧಃಸ್ತರ’ದ ಮಾತೇ ಬೇಡ. ವಿಸರ್ಗ ನುಂಗಿ ಯಾವ ಹಾವೂ ಬದುಕುವುದಿಲ್ಲ.

— ನಿವೃತ್ತ ಮಾಸ್ತರ, ಜಮಖಂಡಿ

ಮರು:

> ಅದನ್ನು ಅಚ್ಚಗನ್ನಡದ ಹಾಸಿಗೆ ಅಂಟಿಸಿದರೆ ಅರಿಸಮಾಸ

ಮಾಸ್ತರರೇ, ಲಕಾರ ಳಕಾರವಾದ ಮೇಲೆ ಅದು ತತ್ಸಮವೇ ಅಲ್ಲ. ಕ್ಷಳದ ಪಾಠ ನೀವೇ ಮಾಡಿದ್ದೀರಿ. ತದ್ಭವದ ಜೊತೆ ದೇಶ್ಯ ಸೇರಿದರೆ ಅರಿಸಮಾಸ ಆಗುವುದಿಲ್ಲ. ‘ದಂಡ’ ಅನ್ನುವುದಾದರೆ ಅನ್ನಿ, ವ್ಯಾಕರಣವನ್ನು ಸುಮ್ನೆ ಎಳೆಯಬೇಡಿ.

— ವಿಜಯಪುರ

ಮರು:

ನಮ್ಮ ಇಳಕಲ್ಲಿನಲ್ಲಿ ಹಾಸು ಅಂದರೆ ಮಗ್ಗದ ಮಾತು. ಉದ್ದದ ಎಳೆ ಹಾಸು, ಅಡ್ಡದ ಎಳೆ ಹೊಕ್ಕು. ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ಅದಕ್ಕೇ ನಮ್ಮ ಸೆರಗು ಬೇರೆ ಸೀರೆಯ ಸೆರಗಿನಂತೆ ಇರುವುದಿಲ್ಲ. ‘ಹಾಸು ಬದಲಾಯಿಸಿ’ ಅಂತ ಕೈಪಿಡಿಯಲ್ಲಿ ಓದಿದರೆ ನಮ್ಮವರು ನೂಲು ಹುಡುಕುತ್ತಾರೆ. ‘ಗಾದಿ’ ಅಂದರೆ ಆಗಲ್ವಾ? ಬೆಳಗಾವಿಯಲ್ಲಿ ಎಲ್ಲರಿಗೂ ಗೊತ್ತು.

— ಇಳಕಲ್ಲು

ಮರು:

ಗಾದಿ ಮರಾಠಿ. ‘ರಂದಾ’ನೂ ಅಷ್ಟೆ. ಕನ್ನಡದಲ್ಲಿ ‘ಕೀಸುಳಿ’ ಇದೆ. ‘ಕೀಸಿದ ಹೊಟ್ಟು’ ಅಂತ ಬರೆಯಿರಿ. ಇರುವ ಪದ ಬಿಟ್ಟು ಸಾಲ ಮಾಡುವ ಚಟ ಯಾಕೆ?

— ಗೋಕಾಕ

ಮರು:

ಇಷ್ಟೊತ್ತು ಹಾವಿನ ಬಗ್ಗೆ ಯಾರೂ ಮಾತಾಡಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಾನು ಮನೆಗಳಿಗೆ ಹೊಕ್ಕ ಹಾವು ಹಿಡಿದು ಕಾಡಿಗೆ ಬಿಡುವವನು.

ಗಾದಿ, ಮೆತ್ತೆ, ಹಾಸಿಗೆ ಮೂರೂ ತಪ್ಪು, ಮರಾಠಿ ಅನ್ನೋ ಕಾರಣಕ್ಕಲ್ಲ. ಹಾಸಿಗೆಯ ಮೇಲೆ ಮಲಗುತ್ತಾರೆ. ಹಾವು ಅದರ ಒಳಗೇ ಹೊಗುತ್ತದೆ. ಕಾರ್ನ್ ಸ್ನೇಕ್ ಪೆಟ್ಟಿಗೆಯಲ್ಲಿ ಒಂದೆರಡು ಇಂಚು ಹೊಟ್ಟು ಹಾಕಿ ನೋಡಿ, ಬೆಳಗಾಗುವಷ್ಟರಲ್ಲಿ ಸುರಂಗ ಮಾಡಿರುತ್ತದೆ. ಮೂಗಿನ ತುದಿ ಮಾತ್ರ ಹೊರಗೆ. ಹೊಟ್ಟು ಗಟ್ಟಿಯಾಗಿ ಒತ್ತಿಕೊಂಡು ಸುರಂಗದ ಗೋಡೆ ಕುಸಿಯದೆ ನಿಲ್ಲುತ್ತದೆ, ಆಸ್ಪೆನ್ನಿನ ಗುಣ ಅದೇ. ಬಾಲ್ ಪೈಥಾನಿಗೆ ಗಾಳಿಯಲ್ಲಿ ತೇವ ಶೇ. 60ರ ಆಸುಪಾಸು ಬೇಕು, ಇಲ್ಲದಿದ್ದರೆ ಪೊರೆ ತುಂಡು ತುಂಡಾಗಿ ಕಳಚುತ್ತದೆ. ನಮ್ಮ ಬಾಗಲಕೋಟೆ ಬೇಸಿಗೆಯಲ್ಲಿ ಪೇಪರ್ ಹಾಕಿದರೆ ಆ ತೇವ ನಿಲ್ಲುವುದಿಲ್ಲ. ತೆಂಗಿನ ಸಿಪ್ಪೆ ಚೂರು ನೀರು ಕುಡಿದು ನಿಧಾನಕ್ಕೆ ಬಿಡುತ್ತದೆ. ಅಂದರೆ ಇದು ಬರೀ ಹಾಸುವ ವಸ್ತು ಅಲ್ಲ, ತೇವದ ಟಾಕಿ ಕೂಡ. ಇಷ್ಟನ್ನೂ ಒಂದು ಪದ ಹೇಳಲಿ ಅಂತ ಕಾಯಬೇಡಿ, ಕೆಳಗೆ ಎರಡು ಸಾಲು ಬರೆಯಿರಿ.

ಗಾದೆ ಪ್ರಕಾರ ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಕಾಲೇ ಇಲ್ಲದ್ದಕ್ಕೆ ಹಾಸಿಗೆ ಯಾಕೆ?

ಇನ್ನೊಂದು ಮಾತು, ದಪ್ಪಕ್ಷರದಲ್ಲಿ ಹಾಕಿ. ನಾಗರ, ಕೆರೆಹಾವು, ಮಣ್ಣುಮುಕ್ಕ, ನಮ್ಮ ನೆಲದ ಹಾವು ಯಾವುದನ್ನೂ ಮನೆಯಲ್ಲಿ ಸಾಕುವಂತಿಲ್ಲ, 1972ರ ವನ್ಯಜೀವಿ ಕಾಯ್ದೆ ಬಿಡುವುದಿಲ್ಲ. ಮಣ್ಣುಮುಕ್ಕವನ್ನು ‘ಎರಡು ತಲೆ ಹಾವು’ ಅಂತ ಮಾರುವವರ ಹತ್ತಿರವಂತೂ ಹೋಗಬೇಡಿ. ಬಾಲ್ ಪೈಥಾನ್ ಆಫ್ರಿಕಾದ್ದು, ಆದರೆ ಸೈಟಿಸ್ ಪಟ್ಟಿಯಲ್ಲಿದೆ, ಅಂದರೆ ಕಾಡುಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಒಪ್ಪಂದದ ಪಟ್ಟಿಯಲ್ಲಿ. 2022ರ ತಿದ್ದುಪಡಿ ಆದ ಮೇಲೆ ಅದನ್ನೂ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು.

— ಬಾಗಲಕೋಟೆ

ಮರು:

ಉಪಯೋಗದ ಮಾತು. ಆದರೆ ‘ಟಾಕಿ’?

— ಗೋಕಾಕ

ಮರು:

ಗೋಕಾಕದವರೇ, ಶಹಾಪುರದ ಯಾವ ಬಡಿಗನ ಹತ್ತಿರವಾದರೂ ಹೋಗಿ ‘ಕೀಸುಳಿ ಕೊಡು’ ಅನ್ನಿ, ಮುಖ ನೋಡುತ್ತಾನೆ. ರಂದಾ ಪಾರಸಿಯಿಂದ ಬಂತು, ನೆಲದ ಫರ್ಸಿ ಅರಬಿಯಿಂದ ಪಾರಸಿಗೆ ಹೋಗಿ ನಮ್ಮ ಅಂಗಳಕ್ಕೆ ಬಂತು. ತಾಲೂಕು, ಜಿಲ್ಲೆ, ಕಚೇರಿ, ತಾರೀಖು ಯಾವೂರಿನವು? ನಿಮ್ಮ ವಿಳಾಸ ಬರೆಯುವಾಗ ‘ತಾ. ಗೋಕಾಕ, ಜಿ. ಬೆಳಗಾವಿ’ ಅಂತೀರೋ ಇಲ್ಲವೋ? ಆಗ ಸಾಲದ ನೆನಪು ಬರುವುದಿಲ್ಲ. ಇಂಗ್ಲಿಷಿನವರು ತೆಂಗಿನ ನಾರಿಗೆ ‘ಕಾಯರ್’ ಅಂತ ಮಲಯಾಳದಿಂದ ಎತ್ತಿಕೊಂಡು ಹೋದರು, ಅವರ ಭಾಷೆ ಸತ್ತಿತಾ?

— ಖಾನಾಪುರ

ಮರು:

ಸಾಲ ಯಾರದು ಅಂತ ಲೆಕ್ಕ ಹಾಕೋಣ ಹಾಗಾದರೆ. ಭಾಷಾಶಾಸ್ತ್ರದಲ್ಲೂ ಈ ‘ಸಬ್‌ಸ್ಟ್ರೇಟ್’ ಇದೆ, ಒಂದು ನುಡಿಯ ಕೆಳಗೆ ಉಳಿದ ಹಳೆಯ ನುಡಿ. ಮರಾಠಿಯ ಕೆಳಗೆ ದ್ರಾವಿಡ ಪದರ ಇದೆ ಅಂತ ಭಾಷಾಶಾಸ್ತ್ರಜ್ಞರೇ ವಾದಿಸಿದ್ದಾರೆ. ಅಂದರೆ ಅವರ ಹಾಸು ನಾವು. ಹಾಸೇ ಎದ್ದು ಮೇಲಿನವರ ಹತ್ತಿರ ಪದ ಬೇಡಬೇಕಾ?

— ಗೋಕಾಕ

ಮರು:

ದ್ರಾವಿಡ ಅಂದರೆ ಬರೀ ಕನ್ನಡ ಅಲ್ಲ. ವಾದ ಇದೆ ಅಂದರೆ ತೀರ್ಪು ಬಂದಿದೆ ಅಂತಲೂ ಅಲ್ಲ. ಹಾವಿನ ಪೆಟ್ಟಿಗೆಯಿಂದ ಗಡಿ ವಿವಾದಕ್ಕೆ ಇಷ್ಟು ಬೇಗ ಬಂದದ್ದು ಈ ಬಳಗದಲ್ಲಿ ಮಾತ್ರ ಸಾಧ್ಯ.

— ವಿಜಯಪುರ

ಮರು:

ಎಲ್ಲರಿಗೂ ಥ್ಯಾಂಕ್ಸ್. ಪ್ರೆಸ್ಸಿಗೆ ಕೊಟ್ಟೆ. ‘ಹಾಸು’ ಅಂತಲೇ ಇಟ್ಟೆ. ಪೇಪರ್ ಹಾಸು, ಹೊಟ್ಟಿನ ಹಾಸು, ಸಿಪ್ಪೆ ಹಾಸು, ಮೂರೂ ಸಲೀಸಾಗಿ ಕೂತವು. ‘ತಳಹಾಸು’ ಮೊದಲ ಪುಟದ ತಲೆಬರಹದಲ್ಲಿ ಒಂದು ಸಲ ಬರುತ್ತದೆ, ಬರೀ ‘ಹಾಸು’ ಅಂದರೆ ಇಳಕಲ್ಲಿನವರು ಹೇಳಿದ ಹಾಗೆ ಗಲಿಬಿಲಿ ಆಗಬಹುದು ಅಂತ. ಮಾಸ್ತರರು ಬೇಜಾರಾಗಬಾರದು. ‘ರಂದಾ ಹೊಟ್ಟು’ ಹಾಗೇ ಇದೆ, ಓದುವವರು ಅದನ್ನು ತರುವುದು ಬಡಿಗನ ಅಂಗಡಿಯಿಂದಲ್ಲ ಅನ್ನುವುದನ್ನೂ ಸೇರಿಸಿದ್ದೇನೆ. ಅಲ್ಲಿ ಯಾವ ಯಾವ ಮರ ಬೆರೆತಿರುತ್ತದೋ ಹೇಳಲಾಗದು. ಕಾಯ್ದೆಯ ಸಾಲು ದಪ್ಪಕ್ಷರದಲ್ಲಿದೆ.

ಅಂಗಡಿಯವರು ಈಗ ಗೋಡೆಗೆ ಹಚ್ಚುವ ಚಾರ್ಟ್ ಕೇಳುತ್ತಿದ್ದಾರೆ. ಹಾವು ಅಡಗಿ ಕೂರಲು ಇಡುವ ಡಬ್ಬಿಗೆ ‘ಹೈಡ್’ ಅಂತಾರೆ. ಅದಕ್ಕೇನು? ಗೂಡು? ಬಿಲ?

— ಅನುವಾದಕಿ, ಬೆಳಗಾವಿ

ಮರು:

ಅದಕ್ಕೆ ಬೇರೆ ಎಳೆ ತೆರೆಯಿರಿ. ‘ಹುತ್ತ’ ಅಂತ ಮಾತ್ರ ಯಾರೂ ಅನ್ನಬೇಡಿ, ಅದು ಗೆದ್ದಲಿನದು.

— ಜಮಖಂಡಿ